ಉತ್ತರದ ಜೊತೆಗೆ ಊಹೆಯನ್ನೂ ಮುದ್ರಿಸಿ

ಮಾನ್ಯ ಸಂಪಾದಕರೇ,

ದ್ರಾವಿಡ ಭಾಷಾ ಕುಟುಂಬಕ್ಕೆ 4,500 ವರ್ಷ ವಯಸ್ಸು ಎಂಬ ಮಾತು ನಮ್ಮ ಪತ್ರಿಕೆಗಳಲ್ಲಿ ಕಲ್ಲಿನಲ್ಲಿ ಕೆತ್ತಿದಂತೆ ಅಚ್ಚಾಗುತ್ತಿರುತ್ತದೆ. ಇದರ ಹಿಂದಿರುವುದು ಕನ್ನಡವೂ ಸೇರಿದಂತೆ 20 ಭಾಷೆಗಳ ಮೂಲ ಶಬ್ದಗಳನ್ನು ಬೇಸಿಯನ್ ಮಾದರಿಗಳಿಂದ (ಮೊದಲಿನ ತಿಳಿವಳಿಕೆಗೆ ಹೊಸ ಪುರಾವೆಯನ್ನು ಸೇರಿಸಿ ಸಾಧ್ಯತೆಯನ್ನು ಅಳೆಯುವ ಲೆಕ್ಕದಿಂದ) ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನ. ಶಬ್ದಗಳು ಎಲ್ಲ ಭಾಷೆಗಳಲ್ಲಿಯೂ ಒಂದೇ ವೇಗದಲ್ಲಿ ಬದಲಾಗುತ್ತವೆಯೇ ಎಂಬುದನ್ನು ಇಂತಹ ಲೆಕ್ಕದಲ್ಲಿ ಮೊದಲೇ ಊಹಿಸಿಕೊಳ್ಳಬೇಕಾಗುತ್ತದೆ. ಸಂಶೋಧಕರು ‘ಸುಮಾರು’ ಎಂದೇ ಬರೆದಿದ್ದರು. ಸುದ್ದಿಯಾಗುವಾಗ ಆ ‘ಸುಮಾರು’ ಉದುರಿಹೋಯಿತು.

ಈ ಲೆಕ್ಕಕ್ಕೆ ಮೂಲವಾದ, ಇಂಗ್ಲೆಂಡಿನ ಥಾಮಸ್ ಬೇಸ್ ಅವರ ಪ್ರಮೇಯ 1763ರಲ್ಲಿ, ಅವರು ತೀರಿಕೊಂಡ ಮೇಲೆ, ಬೆಳಕು ಕಂಡಿತು. ಅದರ ತಿರುಳು ನಮ್ಮ ಚಿತ್ರದುರ್ಗದ ರೈತರಿಗೆ ಹೊಸದೇನಲ್ಲ. ಒಂದು ಊರಿನಲ್ಲಿ ಕೊರೆಸಿದ ನೂರು ಕೊಳವೆಬಾವಿಗಳಲ್ಲಿ ಇಪ್ಪತ್ತರಲ್ಲಿ ಮಾತ್ರ ನೀರು ಬಿದ್ದಿದೆ ಎಂದುಕೊಳ್ಳೋಣ. ಪಾಯಿಂಟ್ ನೋಡುವವರು ನೀರಿರುವ ಹತ್ತು ಜಾಗಗಳಲ್ಲಿ ಎಂಟನ್ನು ಸರಿಯಾಗಿ ಗುರುತಿಸುತ್ತಾರೆ, ಆದರೆ ನೀರಿಲ್ಲದ ಹತ್ತರಲ್ಲಿ ನಾಲ್ಕು ಕಡೆಯೂ ‘ಇಲ್ಲಿದೆ’ ಎನ್ನುತ್ತಾರೆ. ಆಗ ಅವರು ತೋರಿಸುವ ಜಾಗಗಳು ನಲವತ್ತೆಂಟು, ನೀರು ಸಿಗುವುದು ಹದಿನಾರರಲ್ಲಿ. ಹತ್ತಕ್ಕೆ ಎಂಟು ಎಂದು ನಂಬಿ ಸಾಲ ಮಾಡಿದವರ ಪಾಲಿಗೆ ಉಳಿಯುವುದು ಮೂರರಲ್ಲೊಂದು ಅವಕಾಶ. ಇದೇ ಪಾಯಿಂಟನ್ನು ನೀರು ಧಾರಾಳವಾಗಿರುವ ಊರಿನಲ್ಲಿ ತೋರಿಸಿದ್ದರೆ ಲೆಕ್ಕ ಪೂರ್ತಿ ಬೇರೆಯಾಗುತ್ತಿತ್ತು. ಮೊದಲಿನ ತಿಳಿವಳಿಕೆಗೆ ಇರುವ ತೂಕ ಅಷ್ಟು.

ಆ ತಿಳಿವಳಿಕೆ ತಪ್ಪಾಗಿದ್ದರೆ ಏನಾಗುತ್ತದೆ ಎಂಬುದನ್ನು 2009ರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447 ವಿಮಾನದ ಶೋಧ ತೋರಿಸಿತು. ಕಪ್ಪುಪೆಟ್ಟಿಗೆಗಳ ಸಂಕೇತ ಕೇಳಿಸದಿದ್ದ ಕಾರಣ, ಕೊನೆಯ ಸಂಪರ್ಕದ ಸ್ಥಾನದ ಸುತ್ತಲಿನ ಪ್ರದೇಶದಲ್ಲಿ ವಿಮಾನವಿಲ್ಲ ಎಂದು ಭಾವಿಸಿ ಬೇರೆಡೆ ಹುಡುಕಲಾಗಿತ್ತು. ಸಂಕೇತ ಯಂತ್ರಗಳೆರಡೂ ಕೆಟ್ಟಿರಬಹುದು ಎಂಬ ಸಾಧ್ಯತೆಗೂ ಬೇಸಿಯನ್ ವಿಶ್ಲೇಷಕರು ತೂಕ ಕೊಟ್ಟು ಲೆಕ್ಕ ಮಾಡಿದಾಗ ನಕ್ಷೆ ಮತ್ತೆ ಅದೇ ಪ್ರದೇಶವನ್ನು ತೋರಿಸಿತು. ಶೋಧ ಮತ್ತೆ ಆರಂಭವಾದ ಸುಮಾರು ಒಂದು ವಾರದಲ್ಲೇ, 2011ರ ಏಪ್ರಿಲ್‌ನಲ್ಲಿ, ಅವಶೇಷ ಸಿಕ್ಕಿತು.

ಊಹೆ ಎಂದಾಕ್ಷಣ ಅವೈಜ್ಞಾನಿಕವೆಂದು ಮೂಗು ಮುರಿಯುವವರೂ ಇದ್ದಾರೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ, ಉಳಿಕೆಗಳಲ್ಲಿನ ವಿಕಿರಣಶೀಲ ಇಂಗಾಲವನ್ನು ಅಳೆದು ವಯಸ್ಸು ಹೇಳುವ ಇಂಗಾಲದ ಕಾಲಮಾಪನ ಇನ್ನೂ ಬಂದಿರಲಿಲ್ಲ. ಇಂದು ಇಂತಹ ನೆಲೆಗಳಲ್ಲಿ, ಕೆಳಗಿನ ಪದರ ಮೇಲಿನದಕ್ಕಿಂತ ಹಳೆಯದು ಎಂಬ ಸರಳ ತಿಳಿವಳಿಕೆಯನ್ನು ಬೇಸಿಯನ್ ಮಾದರಿಗೆ ಸೇರಿಸುವುದರಿಂದಲೇ ಇಂಗಾಲದ ಕಾಲನಿರ್ಣಯ ಹೆಚ್ಚು ನಿಖರವಾಗುತ್ತದೆ. ಅದನ್ನು ಬಿಟ್ಟು ಲೆಕ್ಕ ಮಾಡುವುದೇ ಅವಿವೇಕ.

ಆದ್ದರಿಂದ ಇಂತಹ ಸಂಶೋಧನೆಗಳನ್ನು ವರದಿ ಮಾಡುವಾಗ ಒಂದೇ ಸಂಖ್ಯೆಯ ಬದಲು ಅದರ ವ್ಯಾಪ್ತಿಯನ್ನೂ, ಸಂಶೋಧಕರು ಮೊದಲೇ ಏನನ್ನು ಊಹಿಸಿಕೊಂಡಿದ್ದರು ಎಂಬುದನ್ನೂ ತಾವು ಮುದ್ರಿಸಬೇಕೆಂದು ಕೋರುತ್ತೇನೆ. ಶೀರ್ಷಿಕೆಯಲ್ಲಿ ಜಾಗ ಸಾಲದಿದ್ದರೆ ಸುದ್ದಿಯ ಕೊನೆಯಲ್ಲಾದರೂ ಎರಡು ಸಾಲು ಸಾಕು.

– ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕ, ಚಿತ್ರದುರ್ಗ