ಗ್ರಹಗಳ ಚಾರ್ಟ್‌ಗೆ ಇನ್ನೆರಡು ಕಾಲಂ ಸೇರಲಿ

ಮಾನ್ಯ ಸಂಪಾದಕರೇ,

ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಹತ್ತಿರವಾದಂತೆ ಪತ್ರಿಕೆಗಳ ಮಕ್ಕಳ ಪುಟಗಳಲ್ಲೂ ಶಾಲೆಯ ಗೋಡೆಗಳಲ್ಲೂ ಸೌರಮಂಡಲದ ಚಾರ್ಟ್‌ಗಳು ಬರುತ್ತವೆ. ಬುಧ, ಶುಕ್ರ, ಭೂಮಿ, ಮಂಗಳ ಈ ನಾಲ್ಕು ಶಿಲಾಗ್ರಹಗಳಿಗೆ ಅಲ್ಲಿ ಸಾಮಾನ್ಯವಾಗಿ ಮೂರೇ ಕಾಲಂ: ದೂರ, ವ್ಯಾಸ, ಉಷ್ಣತೆ. ಇಷ್ಟನ್ನೇ ಓದಿದ ಮಕ್ಕಳು ‘ಸೂರ್ಯನಿಗೆ ಹತ್ತಿರವಾದಷ್ಟೂ ಬಿಸಿ ಹೆಚ್ಚು, ಗ್ರಹ ಚಿಕ್ಕದಾದಷ್ಟೂ ಗುರುತ್ವ ಕಡಿಮೆ’ ಎಂದು ಬರೆದುಕೊಳ್ಳುತ್ತಾರೆ. ಎರಡೂ ತಪ್ಪು. ನೆಲಮಟ್ಟದ ವಾಯುಒತ್ತಡ ಮತ್ತು ಸಾಂದ್ರತೆ, ಈ ಎರಡು ಕಾಲಂ ಸೇರಿಸಿದರೆ ತಪ್ಪು ತಾನಾಗಿ ಬಯಲಾಗುತ್ತದೆ.

ಮೊದಲು ಒತ್ತಡ. ಭೂಮಿಯದ್ದು 1 ಎಂದು ಹಿಡಿದರೆ ಶುಕ್ರನದ್ದು ಸುಮಾರು 92, ಮಂಗಳದ್ದು ಸುಮಾರು 0.006, ಬುಧನದ್ದು ಹೆಚ್ಚುಕಡಿಮೆ ಸೊನ್ನೆ. ಇದರ ಪಕ್ಕದಲ್ಲೇ ಉಷ್ಣತೆಯನ್ನು ಇಟ್ಟು ನೋಡಿ. ಬುಧನಲ್ಲಿ ಹಗಲು 430 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ರಾತ್ರಿ ಶಾಖವನ್ನು ಹಿಡಿದಿಡಲು ಗಾಳಿಯೇ ಇಲ್ಲದ್ದರಿಂದ ಮೈನಸ್ 180ಕ್ಕೆ ಇಳಿಯುತ್ತದೆ. ಬುಧನಿಗೆ ಒಂದೇ ‘ಸರಾಸರಿ’ ಅಂಕಿ ಅಚ್ಚುಮಾಡಿದರೆ ಈ 600 ಡಿಗ್ರಿಯ ಅಂತರವೇ ಮರೆಯಾಗುತ್ತದೆ. ಅದರ ಧ್ರುವಗಳ ಬಳಿಯ ಕೆಲವು ಕುಳಿಗಳ ತಳಕ್ಕೆ ಬಿಸಿಲು ಎಂದೂ ತಾಗದು, ಅಲ್ಲಿ ನೀರಿನ ಮಂಜುಗಡ್ಡೆ ಇದೆ.

ಶುಕ್ರ ಸೂರ್ಯನಿಂದ ಬುಧನಿಗಿಂತ ಹೆಚ್ಚುಕಡಿಮೆ ಎರಡರಷ್ಟು ದೂರ. ಅದರ ಮೋಡಗಳು ಬಿಸಿಲಿನ ಮುಕ್ಕಾಲು ಭಾಗವನ್ನು ಹಿಂದಕ್ಕೆ ಕಳಿಸಿಬಿಡುತ್ತವೆ. ಹೀಗಾಗಿ ಚದರ ಮೀಟರಿಗೆ ಲೆಕ್ಕ ಹಾಕಿದರೆ ಅದು ಹೀರಿಕೊಳ್ಳುವ ಬಿಸಿಲು ಭೂಮಿಗಿಂತಲೂ ಕಡಿಮೆ! ಆದರೂ ಅದರ ನೆಲ ಹಗಲು ರಾತ್ರಿ ಸುಮಾರು 464 ಡಿಗ್ರಿ, ಸೀಸ ಕರಗುವ ಬಿಸಿ. 1982ರಲ್ಲಿ ಅಲ್ಲಿ ಇಳಿದ ಸೋವಿಯತ್ ನೌಕೆ ವೆನೆರಾ 13 ತಡೆದುಕೊಂಡದ್ದು 127 ನಿಮಿಷ.

ಕಾರಣ ಇಂಗಾಲದ ಡೈಆಕ್ಸೈಡ್ ಎಂದಷ್ಟೇ ಬರೆದರೂ ಸಾಲದು. ಶುಕ್ರನ ವಾಯುಮಂಡಲದಲ್ಲಿ ಅದು ಶೇ 96, ಮಂಗಳದಲ್ಲಿ ಶೇ 95. ಶೇಕಡಾವಾರು ಒಂದೇ ಇದ್ದರೂ ಮಂಗಳದ ಸರಾಸರಿ ಉಷ್ಣತೆ ಮೈನಸ್ 60ರ ಆಸುಪಾಸು. ವ್ಯತ್ಯಾಸ ಇರುವುದು ಅನಿಲದ ಒಟ್ಟು ಮೊತ್ತದಲ್ಲಿ, ಅದನ್ನು ತೋರಿಸುವುದು ಒತ್ತಡದ ಕಾಲಂ ಮಾತ್ರ. ಹವಾಮಾನ ಬದಲಾವಣೆಯ ಪಾಠ ಓದುವ ಮಕ್ಕಳಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಇನ್ನು ಸಾಂದ್ರತೆ. ಘನ ಸೆಂಟಿಮೀಟರಿಗೆ ಗ್ರಾಂಗಳಲ್ಲಿ ಬುಧ 5.43, ಶುಕ್ರ 5.24, ಭೂಮಿ 5.51, ಮಂಗಳ 3.93. ಈ ಅಂಕಿಯನ್ನು ವ್ಯಾಸದಿಂದ ಗುಣಿಸಿ, ಭೂಮಿಯ ಗುಣಲಬ್ಧದಿಂದ ಭಾಗಿಸಿದರೆ ಆ ಗ್ರಹದ ಗುರುತ್ವ ಭೂಮಿಯ ಎಷ್ಟು ಪಾಲು ಎಂಬುದು ಬರುತ್ತದೆ. ಭೂಮಿಗೆ 5.51 × 12,742 = 70,208. ಬುಧನಿಗೆ 5.43 × 4,879 = 26,493, ಮಂಗಳಕ್ಕೆ 3.93 × 6,779 = 26,641. ಭಾಗಿಸಿದರೆ ಎರಡಕ್ಕೂ 0.38. ಭೂಮಿಯಲ್ಲಿ 60 ಕಿಲೋ ತೂಗುವವರು ಎರಡೂ ಕಡೆ 23 ಕಿಲೋಗೆ ತುಸು ಕಡಿಮೆ ತೂಗುತ್ತಾರೆ. ವ್ಯಾಸದಲ್ಲಿ ಮಂಗಳಕ್ಕಿಂತ ಸಾಕಷ್ಟು ಚಿಕ್ಕದಾದ ಬುಧ ಗುರುತ್ವದಲ್ಲಿ ಅದಕ್ಕೆ ಸರಿಸಮ, ಏಕೆಂದರೆ ಬುಧನ ಕಬ್ಬಿಣದ ತಿರುಳು ಅದರ ತ್ರಿಜ್ಯದ ಶೇ 80ಕ್ಕೂ ಹೆಚ್ಚು ಭಾಗವನ್ನು ತುಂಬಿದೆ. ಏಳನೇ ತರಗತಿಯ ಮಗುವೂ ಮಾಡಬಹುದಾದ ಲೆಕ್ಕ ಇದು.

ಚಾರ್ಟ್‌ಗಳಲ್ಲಿ ‘ದಿನ’ವೂ ಗೊಂದಲ. ಬುಧ ತನ್ನ ಸುತ್ತ ಒಮ್ಮೆ ತಿರುಗಲು ನಮ್ಮ 58.6 ದಿನ ಸಾಕು, ಆದರೆ ಅಲ್ಲಿ ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ 176 ದಿನ. ಶುಕ್ರನಿಗೆ ಇವು 243 ಮತ್ತು 117. ಯಾವುದನ್ನು ಕೊಟ್ಟಿದ್ದೇವೆ ಎಂದು ಹೇಳಿಬಿಟ್ಟರೆ ಸಾಕು.

ಮಾದರಿ ಮಾಡುವ ಶಾಲೆಗಳಿಗೆ ಒಂದು ಮಾತು. ಗಾತ್ರ ಮತ್ತು ದೂರ ಎರಡನ್ನೂ ಒಂದೇ ಅಳತೆಯಲ್ಲಿ ಮೇಜಿನ ಮೇಲೆ ಕೂರಿಸಲು ಆಗದು. 1,000 ಕಿ.ಮೀ.ಗೆ 1 ಸೆಂ.ಮೀ. ಹಿಡಿದರೆ ಥರ್ಮೋಕೋಲ್ ಉಂಡೆಗಳು ಬುಧನಿಗೆ 4.9, ಶುಕ್ರನಿಗೆ 12.1, ಭೂಮಿಗೆ 12.7, ಮಂಗಳಕ್ಕೆ 6.8 ಸೆಂ.ಮೀ. ಇರಬೇಕು. ಆಗ ಸೂರ್ಯ ಸುಮಾರು 14 ಮೀಟರ್ ಅಗಲವಾಗುತ್ತಾನೆ, ಬುಧ ಅವನಿಂದ 579 ಮೀಟರ್ ದೂರ, ಭೂಮಿ ಒಂದೂವರೆ ಕಿಲೋಮೀಟರ್. ಉಂಡೆಗಳನ್ನು ಮೇಜಿನ ಮೇಲಿಟ್ಟು, ದೂರವನ್ನು ಊರಿನ ನಕ್ಷೆಯ ಮೇಲೆ ಗುರುತಿಸಲಿ.

ಮಂಗಳಯಾನವನ್ನು ಬೆಂಗಳೂರಿನಿಂದಲೇ ನಿಯಂತ್ರಿಸಲಾಯಿತು, ಅದರ ಸಂಕೇತಗಳನ್ನು ಬ್ಯಾಲಾಳುವಿನ ಆಂಟೆನಾ ಹಿಡಿಯಿತು. ಇಸ್ರೊದ ಶುಕ್ರಯಾನಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದೆ, ಉಡಾವಣೆಯ ಗುರಿ 2028ರ ಮಾರ್ಚ್. ಆ ಹೊತ್ತಿಗೆ ಶುಕ್ರನ ಸುದ್ದಿ ಮುಖಪುಟಕ್ಕೇ ಬರುತ್ತದೆ. ಅದಕ್ಕೂ ಮೊದಲು ತಮ್ಮ ಮಕ್ಕಳ ಪುಟದಲ್ಲಿ ಈ ಎರಡು ಕಾಲಂ ಸೇರಿದ ಚಾರ್ಟ್ ಒಮ್ಮೆ ಅಚ್ಚಾಗಲಿ ಎಂದು ಕೋರುತ್ತೇನೆ.

– ವಿಜ್ಞಾನ ಶಿಕ್ಷಕಿ, ಧಾರವಾಡ