ಎಫೆಕ್ಟ್ ಹಾಕಿದ ಫೋಟೊ ಫೋಟೊ ಅಲ್ವಾ?

ಸಂಪಾದಕರೇ, ನಮಸ್ಕಾರ.

ಮೊನ್ನೆ ನಿಮ್ಮ ಪುರವಣಿಗೆ ಓದುಗರಿಂದ ಫೋಟೊ ಕೇಳಿದ್ದಿರಿ. ಖುಷಿಯಾಗಿ ಓದುತ್ತಾ ಹೋದರೆ ಕೊನೆಗೊಂದು ಸಾಲು: ‘ಎಫೆಕ್ಟ್ ಬಳಸಿದ ಚಿತ್ರಗಳನ್ನು ಪರಿಗಣಿಸುವುದಿಲ್ಲ.’ ಸಿಟ್ಟೇನೂ ಬರಲಿಲ್ಲ, ಸ್ವಲ್ಪ ಬೇಜಾರಾಯಿತು. ಯಾಕೆಂದರೆ ನನ್ನ ಹತ್ತಿರ ಇರುವುದು ಅಂಗಿ ಜೇಬಿನಲ್ಲಿ ಹಿಡಿಸುವ ಒಂದು ಹಳೇ ಪುಟ್ಟ ಕ್ಯಾಮೆರಾ, ಮತ್ತು ಅದರಲ್ಲಿ ನಾನು ದಿನಾ ಆಡುವುದೇ ಆ ಎಫೆಕ್ಟ್‌ಗಳ ಜೊತೆ, ಅಂದರೆ ಫೋಟೊ ತೆಗೆಯುವಾಗಲೇ ಅದರ ಬಣ್ಣ, ರೂಪ ಬದಲಿಸುವ ಮೋಡ್‌ಗಳ ಜೊತೆ.

ಈ ಕ್ಯಾಮೆರಾದ ಮಿತಿ ನನಗೂ ಗೊತ್ತು. ಬೆಳಕು ಹಿಡಿದು ಚಿತ್ರ ಮಾಡುವ ಒಳಗಿನ ಸೆನ್ಸರ್ ಸುಮಾರು 6 ಮಿಲಿಮೀಟರ್ ಅಗಲ, ನಾಲ್ಕೂವರೆ ಎತ್ತರ. ಫುಲ್‌ಫ್ರೇಮ್ ಅನ್ನುವ ದೊಡ್ಡ ಸೆನ್ಸರ್‌ನ ಕ್ಯಾಮೆರಾದಲ್ಲಿ ಅದು 36ಕ್ಕೆ 24, ಅಂದರೆ ಜಾಗದ ಲೆಕ್ಕದಲ್ಲಿ ಹೆಚ್ಚುಕಡಿಮೆ 30 ಪಟ್ಟು. ಹಾಗಾಗಿ ಬೆಳಕು ಕಮ್ಮಿಯಾದರೆ ಚಿತ್ರ ಕಾಳುಕಾಳಾಗುತ್ತದೆ. ಹಿನ್ನೆಲೆ ಮಸುಕಾಗಿ ಮುಖ ಮಾತ್ರ ಎದ್ದು ಕಾಣುವ ಆ ಚೆಂದವೂ ಸುಲಭಕ್ಕೆ ಸಿಗುವುದಿಲ್ಲ, ಹತ್ತಿರದ್ದು ದೂರದ್ದು ಎಲ್ಲ ಒಂದೇ ಸಮ ಸ್ಪಷ್ಟ.

ಆದರೆ ಮಿನಿಯೇಚರ್ ಎಫೆಕ್ಟ್‌ಗೆ ಬೇಕಾಗಿರುವುದೇ ಇದು. ಮಹಡಿ ಮೇಲೆ ನಿಂತು ಕೆಳಗಿನ ರಸ್ತೆಗೆ ಕ್ಯಾಮೆರಾ ಹಿಡಿದರೆ, ಮಧ್ಯದ ಒಂದು ಪಟ್ಟಿ ಬಿಟ್ಟು ಮೇಲೆ ಕೆಳಗೆ ಅದು ಮಸುಕು ಮಾಡುತ್ತದೆ, ಬಣ್ಣವನ್ನೂ ಒಂಚೂರು ಗಾಢ ಮಾಡುತ್ತದೆ. ಬಸ್ಸು, ಮರ, ಜನ ಎಲ್ಲ ಆಟಿಕೆ! ಪುಟ್ಟ ವಸ್ತುವನ್ನು ತೀರಾ ಹತ್ತಿರದಿಂದ ನೋಡಿದಾಗ ತೆಳುವಾದ ಒಂದು ಪದರ ಮಾತ್ರ ಸ್ಪಷ್ಟ ಕಾಣುತ್ತದಲ್ಲ, ಆ ಅಭ್ಯಾಸದಿಂದ ನಮ್ಮ ಕಣ್ಣು ಮೋಸ ಹೋಗುತ್ತದೆ. ಮೊದಲು ಇದಕ್ಕೆ ಓರೆ ಮಾಡಬಹುದಾದ ದುಬಾರಿ ಲೆನ್ಸ್ ಬೇಕಿತ್ತು. ಹಾಗಂತ ಬಟನ್ ಒತ್ತಿದ ಕೂಡಲೇ ಬರುವುದಿಲ್ಲ ಸ್ವಾಮಿ. ನೆಲದ ಮೇಲೆ ನಿಂತು ತೆಗೆದರೆ ಎದುರಿಗೆ ನಿಂತವರ ಹೊಟ್ಟೆ ಸ್ಪಷ್ಟ, ತಲೆ ಮಸುಕು! ಎತ್ತರ ಹುಡುಕಬೇಕು, ಬಿಸಿಲು ನೋಡಬೇಕು, ಪಟ್ಟಿ ಎಲ್ಲಿ ಬೀಳುತ್ತದೆ ಅಂತ ಮೊದಲೇ ಯೋಚಿಸಬೇಕು. ಇದನ್ನು ಫೋಟೊಗ್ರಫಿ ಅನ್ನದೆ ಇನ್ನೇನು ಅನ್ನೋಣ?

ಒಂದೇ ಬಣ್ಣ ಉಳಿಸಿ ಮಿಕ್ಕಿದ್ದನ್ನು ಕಪ್ಪು ಬಿಳುಪು ಮಾಡುವ ಸೆಲೆಕ್ಟಿವ್ ಕಲರ್‌ನಿಂದ ನಾನು ಕಲಿತದ್ದು ಜಾಸ್ತಿ. ಕೆಂಪು ಆರಿಸಿಕೊಂಡು ಒಂದು ವಾರ ಓಡಾಡಿದೆ, ಅಲ್ಲಿಯವರೆಗೆ ಕಣ್ಣಿಗೇ ಬೀಳದ ಕೆಂಪು ಬಕೆಟ್ಟು, ಕೆಂಪು ಕೊಡೆ, ಯಾರದೋ ಚಪ್ಪಲಿಯ ಕೆಂಪು ಪಟ್ಟಿ ಎಲ್ಲ ಕೂಗಿ ಕರೆದ ಹಾಗಾಯಿತು. ಪೆಟ್ಟೂ ತಿಂದಿದ್ದೇನೆ. ಆ ಮೋಡ್ ತೆಗೆಯುವುದನ್ನು ಮರೆತು ಅಮ್ಮನ ಹುಟ್ಟುಹಬ್ಬದ ಫೋಟೊ ಅಷ್ಟೂ ತೆಗೆದೆ. ಅವಳ ಹಸಿರು ಸ್ವೆಟರ್ ಬೂದಿ ಬಣ್ಣ, ಮೇಜಿನ ಮೇಲಿದ್ದ ಟೊಮೆಟೊ ಮಾತ್ರ ಕೆಂಪಗೆ ಹೊಳೆಯುತ್ತಿದೆ! ಎಫೆಕ್ಟ್ ಜೊತೆ ಮೂಲ ಚಿತ್ರವನ್ನೂ ಉಳಿಸುವ ಸೌಲಭ್ಯ ಕೆಲವು ಕ್ಯಾಮೆರಾಗಳಲ್ಲಿದೆ, ನನ್ನದರಲ್ಲಿಲ್ಲ. ಹೋದ ಬಣ್ಣ ಹೋಯಿತು. ಅಮ್ಮ ಇವತ್ತಿಗೂ ಅದನ್ನು ‘ಟೊಮೆಟೊ ಹುಟ್ಟುಹಬ್ಬ’ ಅಂತಲೇ ಕರೆಯುತ್ತಾಳೆ.

ಚಿತ್ರವನ್ನು ಗುಂಡಗೆ ಉಬ್ಬಿಸುವ ಫಿಶ್‌ಐ ಎಫೆಕ್ಟ್ ನನಗೂ ಅಷ್ಟಕ್ಕಷ್ಟೆ. ಮಕ್ಕಳ ಮೂಗು ದಪ್ಪ ಮಾಡಿ ನಗುವುದಕ್ಕೆ ಆದೀತು.

ಈಗ ನಿಮ್ಮ ನಿಯಮಕ್ಕೆ ಬರುತ್ತೇನೆ. ಕಪ್ಪು ಬಿಳುಪು ಫೋಟೊ ಕಳಿಸಿದರೆ ನೀವು ತೆಗೆದುಕೊಳ್ಳುತ್ತೀರಿ, ಅಲ್ವಾ? ಇರುವ ಬಣ್ಣವನ್ನೆಲ್ಲ ಕಿತ್ತುಹಾಕುವುದಕ್ಕಿಂತ ದೊಡ್ಡ ಎಫೆಕ್ಟ್ ಯಾವುದಿದೆ? ಫಿಲ್ಮ್ ಕಾಲದಲ್ಲೇ ಲೆನ್ಸ್ ಮುಂದೆ ಕೆಂಪು ಗಾಜು ಹಾಕಿ ನೀಲಿ ಆಕಾಶವನ್ನು ಕಪ್ಪಾಗಿಸಿ, ಬಿಳಿ ಮೋಡ ಎದ್ದು ಕಾಣುವಂತೆ ಮಾಡುತ್ತಿದ್ದರು. ಟಾಯ್ ಕ್ಯಾಮೆರಾ ಎಫೆಕ್ಟ್‌ನಲ್ಲಿ ಮೂಲೆಗಳು ಕಪ್ಪಾಗುತ್ತವಲ್ಲ, ಅದು ಹೋಲ್ಗಾದಂಥ ಅಗ್ಗದ ಪ್ಲಾಸ್ಟಿಕ್ ಕ್ಯಾಮೆರಾಗಳ ದೋಷವಾಗಿತ್ತು, ಜನ ಆ ದೋಷವನ್ನೇ ಇಷ್ಟಪಟ್ಟರು. ಇನ್ನು ಈಗಿನ ಫೋನುಗಳ ಕಥೆ ಕೇಳಲೇಬೇಡಿ. ನೀವು ಒತ್ತುವುದು ಒಂದೇ ಸಲ, ಅದು ಒಳಗೊಳಗೇ ಹಲವು ಚಿತ್ರ ತೆಗೆದು, ಬೆಸೆದು, ನೆರಳನ್ನು ಬೆಳಗಿಸಿ, ಚರ್ಮವನ್ನೂ ನಯ ಮಾಡಿ ಕೊಡುವುದುಂಟು. ಅದಕ್ಕೆ ಎಫೆಕ್ಟ್ ಅಂತ ಹೆಸರಿಲ್ಲ, ಹಾಗಾಗಿ ನಿಮ್ಮ ನಿಯಮದಡಿ ಪಾಸು. ನಾನು ಮೆನುವಿಗೆ ಹೋಗಿ, ಇದೇ ಬೇಕು ಅಂತ ಆರಿಸಿಕೊಂಡು, ಪರದೆಯಲ್ಲಿ ನೋಡಿಯೇ ತೆಗೆದದ್ದು ಮಾತ್ರ ಫೇಲು!

ಸುದ್ದಿ ಚಿತ್ರಕ್ಕೆ ಇದೆಲ್ಲ ಬೇಡವೇ ಬೇಡ, ಅಲ್ಲಿ ನಿಮ್ಮ ಕಟ್ಟುನಿಟ್ಟು ಇನ್ನೂ ಜಾಸ್ತಿಯಾಗಲಿ. ನಾನು ಕೇಳುತ್ತಿರುವುದು ವಾರಕ್ಕೊಮ್ಮೆ ಬರುವ ಆ ಅರ್ಧ ಪುಟದ ಬಗ್ಗೆ. ಆ ಸಾಲು ತೆಗೆದು, ‘ಎಫೆಕ್ಟ್ ಬಳಸಿದ್ದರೆ ಯಾವುದು ಅಂತ ತಿಳಿಸಿ’ ಎಂದು ಹಾಕಿ, ಚಿತ್ರದ ಅಡಿಯಲ್ಲಿ ಅದನ್ನೂ ಅಚ್ಚು ಮಾಡಿ. ಓದುವವರಿಗೆ ಮೋಸವೂ ಆಗುವುದಿಲ್ಲ, ಮನೆಯಲ್ಲಿ ಕ್ಯಾಮೆರಾ ಇದ್ದವರು ತಾವೂ ಮಾಡಿ ನೋಡುತ್ತಾರೆ.

ಪತ್ರದ ಜೊತೆ ಒಂದೇ ರಸ್ತೆಯ ಎರಡು ಫೋಟೊ ಇಟ್ಟಿದ್ದೇನೆ. ಒಂದರಲ್ಲಿ ಮಿನಿಯೇಚರ್ ಎಫೆಕ್ಟ್ ಇದೆ, ಇನ್ನೊಂದು ಸುಮ್ನೆ ತೆಗೆದದ್ದು. ಎರಡರ ಹಿಂದೆಯೂ ಬರೆದಿದ್ದೇನೆ.

ಇಂತಿ,
ನಿಮ್ಮ ಓದುಗ