ಡಬ್ಬದ ಮೇಲಿನ 525 ಎಕ್ಸ್ ನಂಬಿ ಟೆಲಿಸ್ಕೋಪ್ ತಗೋಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರದ ಪುರವಣಿಯಲ್ಲಿ ಮಕ್ಕಳಿಗೆ ಟೆಲಿಸ್ಕೋಪ್ ಕೊಡಿಸೋದರ ಬಗ್ಗೆ ಬಂದಿದ್ದ ಲೇಖನ ಓದಿದೆ. ಇಂಥ ವಿಷಯಕ್ಕೆ ಜಾಗ ಕೊಟ್ಟಿದ್ದೀರಲ್ಲ ಅಂತ ಖುಷಿ ಆಯ್ತು, ಆದ್ರೆ ಜಾಸ್ತಿ ಎಕ್ಸ್ (ಅಂದ್ರೆ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತೆ ಅನ್ನೋ ಸಂಖ್ಯೆ) ಇರೋದನ್ನ ನೋಡಿ ಆರಿಸಿಕೊಳ್ಳಿ ಅನ್ನೋ ಅರ್ಥದ ಒಂದು ಸಾಲು ಇತ್ತು ನೋಡಿ, ಆ ಒಂದು ಸಾಲು ಉಳಿದೆಲ್ಲಾ ಒಳ್ಳೆ ಮಾತನ್ನ ಕೆಡಿಸಿಬಿಡ್ತು. ಅಂಗಡಿಯವರು ಹೇಳೋದೂ ಅದನ್ನೇ, ಆನ್‌ಲೈನ್ ಜಾಹೀರಾತಲ್ಲಿ ಇರೋದೂ ಅದೇ, ಪೇಪರ್‌ನಲ್ಲೂ ಅದೇ ಬಂದ್ರೆ ಅಪ್ಪ ಅಮ್ಮ ಪಾಪ ಇನ್ಯಾರನ್ನ ಕೇಳ್ಬೇಕು.

ಮಾರ್ಕೆಟ್ಟಲ್ಲಿ ಜಾಸ್ತಿ ಓಡೋ ಒಂದು ಸೆಟ್ ತಗೊಳ್ಳಿ. 76 ಮಿಲಿಮೀಟರ್ ಕನ್ನಡಿ, 700 ಮಿಲಿಮೀಟರ್ ಫೋಕಲ್ ಲೆಂತ್ (ಕನ್ನಡಿಯಿಂದ ಚಿತ್ರ ಮೂಡೋ ಜಾಗದವರೆಗಿನ ದೂರ), ಡಬ್ಬದೊಳಗೆ ಎರಡು ಮೂರು ಐಪೀಸ್, ಅಂದ್ರೆ ಕಣ್ಣಿಡೋ ಕಡೆ ಹಾಕೋ ಲೆನ್ಸು, ಜೊತೆಗೆ ಐಪೀಸಿನ ಎಕ್ಸ್ ಹೆಚ್ಚಿಸೋ ಒಂದು 3 ಎಕ್ಸ್ ಬಾರ್ಲೋ ಲೆನ್ಸ್. ಡಬ್ಬದ ಮೇಲೆ ಶನಿಗ್ರಹದ ಫೋಟೋ, ಅದೂ ಬಾಹ್ಯಾಕಾಶ ನೌಕೆ ತೆಗೆದಿದ್ದು, ಪಕ್ಕದಲ್ಲಿ ದಪ್ಪಕ್ಷರದಲ್ಲಿ 525 ಎಕ್ಸ್. ಈ 525 ಎಲ್ಲಿಂದ ಬಂತು ಅಂದ್ರೆ ಟೆಲಿಸ್ಕೋಪಿನ ಫೋಕಲ್ ಲೆಂತ್ ಅನ್ನ ಐಪೀಸಿನ ಫೋಕಲ್ ಲೆಂತಿಂದ ಭಾಗಿಸಬೇಕು, ಡಬ್ಬದಲ್ಲಿರೋ 4 ಮಿಲಿಮೀಟರ್ ಐಪೀಸಿಗೆ 700 ಭಾಗಿಸು 4 ಅಂದ್ರೆ 175, ಅದಕ್ಕೆ ಬಾರ್ಲೋ ಹಾಕಿದ್ರೆ ಮೂರು ಪಟ್ಟು, 525 ಆಯ್ತು. ಲೆಕ್ಕ ಸುಳ್ಳಲ್ಲ. ಆದ್ರೆ ಕನ್ನಡಿಯ ಅಗಲ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡರಷ್ಟು, ಅಲ್ಲಿಗೆ ಮುಗೀತು ಅದರ ಶಕ್ತಿ, 76ಕ್ಕೆ ಸುಮಾರು 150 ಎಕ್ಸ್. ಆಮೇಲೆ ಚಿತ್ರ ದೊಡ್ಡದಾಗುತ್ತೆ ಅಷ್ಟೇ, ಹೊಸ ವಿವರ ಒಂದೂ ಸೇರಲ್ಲ, ಬೆಳಕು ಮಾತ್ರ ಹಂಚಿ ಹೋಗಿ ಮಂಕಾಗುತ್ತೆ, ಒಂದು ಲೋಟ ಹಾಲಿಗೆ ಮೂರು ಲೋಟ ನೀರು ಹೊಯ್ದು ನಾಲ್ಕು ಲೋಟ ಹಾಲು ಅಂದ ಹಾಗೆ.

ಆ 4 ಮಿಲಿಮೀಟರ್ ಐಪೀಸನ್ನ ಒಂದ್ಸಲ ಕೈಯಲ್ಲಿ ಹಿಡಿದು ನೋಡಿ. ಮೇಲೆ ಎಚ್ ಅಂತಲೋ ಎಸ್‌ಆರ್ ಅಂತಲೋ ಬರೆದಿರುತ್ತೆ, ಒಂದು ಹೈಗನ್ಸ್, ಇನ್ನೊಂದು ರಾಮ್ಸ್‌ಡೆನ್, ಎರಡೂ ತುಂಬಾ ಹಳೇ ಕಾಲದ ಎರಡೇ ಲೆನ್ಸಿನ ಡಿಸೈನು. ಕಣ್ಣಿಡೋ ತೂತು ಗುಂಡುಪಿನ್ನಿನ ತಲೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಕಣ್ಣನ್ನ ಅದಕ್ಕೆ ಒತ್ತಿ ಹಿಡೀಬೇಕು, ರೆಪ್ಪೆ ಕೂದಲು ಗಾಜಿಗೆ ತಾಗಿ ತಾಗಿ ಅಂಟು ಹತ್ತುತ್ತೆ, ಒತ್ತಿದ ತಕ್ಷಣ ಸ್ಟ್ಯಾಂಡ್ ಅಲ್ಲಾಡಿ ಗುರುಗ್ರಹ ಆ ಕಡೆ ಈ ಕಡೆ ಓಡಾಡಿ ಕೊನೆಗೆ ಕಾಣೆ. ಹತ್ತು ವರ್ಷದ ಮಗು ಎರಡು ದಿನ ಪ್ರಯತ್ನ ಪಡುತ್ತೆ, ಆಮೇಲೆ ಟೆಲಿಸ್ಕೋಪ್ ಅಟ್ಟ ಸೇರುತ್ತೆ. ನಮ್ಮ ತಾಲೂಕಲ್ಲೇ ಒಂದು ಶಾಲೆಯಲ್ಲಿ ಹೀಗೆ ಬೀರುವಿನೊಳಗೆ ಕೂತಿರೋ ಟೆಲಿಸ್ಕೋಪ್ ನೋಡಿದೀನಿ, ಕನ್ನಡಿ ಪರವಾಗಿಲ್ಲ ಚೆನ್ನಾಗೇ ಇದೆ, ಐಪೀಸ್ ಬದಲಾಯಿಸಿದ್ರೆ ಇವತ್ತೂ ಕೆಲಸಕ್ಕೆ ಬರುತ್ತೆ.

ಹಾಗಾದ್ರೆ ಗ್ರಹ ನೋಡೋಕೆ ಎಷ್ಟು ಎಕ್ಸ್ ಬೇಕು ಅಂತ ಎಲ್ಲರೂ ಕೇಳ್ತಾರೆ. 1610ರ ಜನವರಿಯಲ್ಲಿ ಗೆಲಿಲಿಯೋ ಗುರುವಿನ ಚಂದ್ರರನ್ನ ಕಂಡಿದ್ದು ಸುಮಾರು 20 ಎಕ್ಸ್ ಕೊಳವೆಯಲ್ಲಿ, ಅದೂ ಆ ಕಾಲದ ಗಾಜಲ್ಲಿ. ಗುರು ಭೂಮಿಗೆ ಹತ್ತಿರ ಇದ್ದಾಗ ಸುಮಾರು 45 ಆರ್ಕ್ ಸೆಕೆಂಡ್ (ಒಂದು ಡಿಗ್ರಿಯನ್ನ 3600 ಭಾಗ ಮಾಡಿದ್ರೆ ಒಂದು ಭಾಗ ಒಂದು ಆರ್ಕ್ ಸೆಕೆಂಡ್) ಅಗಲ ಇರುತ್ತೆ, ಅಂದ್ರೆ ಬರೀ 40 ಎಕ್ಸ್‌ನಲ್ಲೇ ಬರಿಗಣ್ಣಿಗೆ ಹುಣ್ಣಿಮೆ ಚಂದ್ರ ಎಷ್ಟು ಕಾಣ್ತಾನೋ ಅಷ್ಟು ದೊಡ್ಡದು. ಇದನ್ನ ಹೇಳಿದ್ರೆ ಯಾರೂ ನಂಬಲ್ಲ, ಯಾಕಂದ್ರೆ ಸುತ್ತ ಅಳತೆಗೆ ಏನೂ ಇಲ್ಲದೆ ಕಪ್ಪು ಆಕಾಶದ ಮಧ್ಯೆ ನೋಡಿದಾಗ ಚಿಕ್ಕದು ಅನ್ಸುತ್ತೆ. ಶನಿಯ ಬಳೆ ಬೇರೆಯಾಗಿ ಕಾಣೋಕೆ 30 ಎಕ್ಸ್ ಸಾಕು, ಗುರುವಿನ ಎರಡು ಕಂದು ಪಟ್ಟಿಗೆ 60-70 ಇದ್ರೆ ಚೆನ್ನ. 120ರಿಂದ 200ರ ಒಳಗೆ ಗ್ರಹ ನೋಡೋ ಮಜಾ ಎಲ್ಲಾ ಮುಗಿಯುತ್ತೆ, ಅದಕ್ಕೂ 4 ಇಂಚು 6 ಇಂಚಿನ ಟೆಲಿಸ್ಕೋಪ್ ಬೇಕು.

6 ಇಂಚು ಡಾಬ್ಸೋನಿಯನ್ (ಸಾದಾ ಸ್ಟ್ಯಾಂಡಿನ ಮೇಲೆ ಕೈಯಿಂದ ತಿರುಗಿಸೋ ಕನ್ನಡಿ ಟೆಲಿಸ್ಕೋಪ್, ಚಿಕ್ಕದಾಗಿ ಡಾಬ್) ಇಟ್ಕೊಂಡೇ ಹೇಳ್ತೀನಿ, ನನ್ನ ಹತ್ರ ಇರೋದೂ ಅದೇ, 1200 ಮಿಲಿಮೀಟರ್ ಫೋಕಲ್ ಲೆಂತ್. ಜೊತೆಗೆ ಬರೋ 25 ಮಿಲಿಮೀಟರ್ ಐಪೀಸ್ ಹಾಕಿದ್ರೆ 48 ಎಕ್ಸ್, ಗ್ರಹ ಹುಡುಕಿ ಮಧ್ಯಕ್ಕೆ ತರೋಕೆ ಇದು ಬೇಕೇ ಬೇಕು, ನೇರವಾಗಿ ಚಿಕ್ಕ ಐಪೀಸ್ ಹಾಕಿ ಹುಡುಕೋಕೆ ಹೋದ್ರೆ ರಾತ್ರಿ ಕಳೆದುಹೋಗುತ್ತೆ. 9 ಹಾಕಿದ್ರೆ 133, 6 ಹಾಕಿದ್ರೆ 200. ವರ್ಷದಲ್ಲಿ ಹೆಚ್ಚು ರಾತ್ರಿ ಕೆಲಸ ಮಾಡೋದು 9, ಗಾಳಿ ಸ್ಥಿರ ಇರೋ ರಾತ್ರಿ ಮಾತ್ರ 6. ದುಡ್ಡು ಒಂದಕ್ಕೇ ಇದೆ ಅಂದ್ರೆ 9ನ್ನೇ ತಗೊಳ್ಳಿ ಅಂತೀನಿ.

ಯಾವ ಜಾತಿಯ ಐಪೀಸ್ ಅನ್ನೋದು ಮುಂದಿನ ಪ್ರಶ್ನೆ. ಪ್ಲಾಸಲ್ ಅಂತ ಒಂದಿದೆ, 1860ರಲ್ಲಿ ವಿಯೆನ್ನಾದ ಸೈಮನ್ ಪ್ಲಾಸಲ್ ಮಾಡಿದ ನಾಲ್ಕು ಲೆನ್ಸಿನ ಡಿಸೈನು, ಕಣ್ಣಿಟ್ಟಾಗ ಸುಮಾರು 50 ಡಿಗ್ರಿ ಅಗಲದ ನೋಟ ಕಾಣ್ಸುತ್ತೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. 1880ರಲ್ಲಿ ಅರ್ನ್ಸ್ಟ್ ಆಬೆ ಮಾಡಿದ ಆರ್ಥೋಸ್ಕೋಪಿಕ್ ಗ್ರಹ ನೋಡೋರಿಗೆ ಇವತ್ತೂ ಪ್ರೀತಿ, ಮಧ್ಯದಲ್ಲಿ ಚಿತ್ರ ಬಹಳ ಚೊಕ್ಕ, ಆದ್ರೆ ನೋಟ 40-45 ಡಿಗ್ರಿ ಅಷ್ಟೇ, ಕಿರಿದು. ಇವೆರಡರಲ್ಲೂ ಒಂದು ತೊಂದರೆ ಏನಂದ್ರೆ ಫೋಕಲ್ ಲೆಂತ್ ಕಡಿಮೆ ಆದಂಗೆ ಕಣ್ಣನ್ನ ಗಾಜಿಗೆ ಹತ್ತಿರ ತರಬೇಕು, 6 ಮಿಲಿಮೀಟರ್ ಪ್ಲಾಸಲ್‌ಗೆ ನಾಲ್ಕು ಐದು ಮಿಲಿಮೀಟರ್ ದೂರ ಸಿಕ್ರೆ ಹೆಚ್ಚು. ಈಗ 6 ಮತ್ತು 9ರಲ್ಲಿ 66 ಡಿಗ್ರಿಯ ಐಪೀಸ್ ಸಿಗುತ್ತೆ, ಕುತ್ತಿಗೆಗೆ ಚಿನ್ನದ ಬಣ್ಣದ ಗೆರೆ ಇರೋದ್ರಿಂದ ಹವ್ಯಾಸಿಗಳು ಗೋಲ್ಡ್‌ಲೈನ್ ಅಂತ ಕರೀತಾರೆ. ಡಾಬ್ ಇರೋರಿಗೆ ನಾನು ಕಣ್ಣು ಮುಚ್ಚಿ ಹೇಳೋದು ಇದನ್ನೇ, ಕಾರಣ ಇದೆ. ಡಾಬ್‌ಗೆ ಮೋಟಾರ್ ಇಲ್ಲ, ಭೂಮಿ ತಿರುಗೋದ್ರಿಂದ ಗ್ರಹ ಸರಿದು ಹೋಗ್ತಾ ಇರುತ್ತೆ. 200 ಎಕ್ಸ್‌ನಲ್ಲಿ ಪ್ಲಾಸಲ್ ಹಾಕಿದ್ರೆ ಗುರು ಒಂದು ಅಂಚಿಂದ ಇನ್ನೊಂದು ಅಂಚಿಗೆ ಸರಿಯೋಕೆ ಸುಮಾರು ಒಂದು ನಿಮಿಷ, 66 ಡಿಗ್ರಿದು ಹಾಕಿದ್ರೆ 80 ಸೆಕೆಂಡ್. ಕೇಳೋಕೆ 20 ಸೆಕೆಂಡ್ ಏನು ಮಹಾ ಅನ್ಸುತ್ತೆ, ಆದ್ರೆ ಹಿಂದೆ ಐದು ಮಕ್ಕಳು ಸಾಲಲ್ಲಿ ನಿಂತಿರುವಾಗ ಆ 20 ಸೆಕೆಂಡಲ್ಲೇ ಒಬ್ಬ ಹುಡುಗ ಕಣ್ಣಿಟ್ಟು, ಫೋಕಸ್ ಮಾಡಿ, ಓ ಪಟ್ಟಿ ಕಾಣ್ತು ಅಂತಾನೆ.

ಎಫ್5 (ಫೋಕಲ್ ಲೆಂತ್ ಕನ್ನಡಿ ಅಗಲದ ಐದು ಪಟ್ಟು) ಥರ ಗಿಡ್ಡ ಟೆಲಿಸ್ಕೋಪ್ ಇರೋರು, ಅಂದ್ರೆ 130 ಮಿಲಿಮೀಟರ್ ಕನ್ನಡಿ 650 ಫೋಕಲ್ ಲೆಂತ್ ಇರೋರು, 6 ಹಾಕಿದ್ರೂ 108 ಎಕ್ಸೇ ಬರೋದು, ಅವರಿಗೆ ಒಂದು ಒಳ್ಳೆ 2 ಎಕ್ಸ್ ಬಾರ್ಲೋ ಉಪಯೋಗ, ಒಳ್ಳೇದು ಅಂದೆ, ಡಬ್ಬದ ಜೊತೆ ಬರೋ ಪ್ಲಾಸ್ಟಿಕ್ 3 ಎಕ್ಸ್ ಅಲ್ಲ. ಕನ್ನಡಿ ಬದಲು ಮುಂದೆ ಲೆನ್ಸ್ ಇರೋ ಚಿಕ್ಕ 70 ಮಿಲಿಮೀಟರ್ ರಿಫ್ರಾಕ್ಟರ್‌ಗೆ 6ಕ್ಕಿಂತ ಕೆಳಗೆ ಇಳಿಯೋ ಅಗತ್ಯ ಇಲ್ಲ. ಇನ್ನೊಂದು ಮಾತು, ಹಳೇ ಆಟಿಕೆ ಥರದ ಟೆಲಿಸ್ಕೋಪ್‌ಗಳಲ್ಲಿ ಐಪೀಸ್ ಕೂರೋ ಕೊಳವೆ 0.965 ಇಂಚು ಇರುತ್ತೆ, ಈಗ ಸಿಗೋ ಒಳ್ಳೆ ಐಪೀಸ್ ಎಲ್ಲಾ 1.25 ಇಂಚು, ಅಳೆದು ನೋಡದೆ ಆರ್ಡರ್ ಮಾಡಿದ್ರೆ ಕೂರಲ್ಲ.

ಕನ್ನಡಕ ಹಾಕೋರು ಬಹಳ ಜನ ಫೋಕಸ್ ಆಗ್ತಿಲ್ಲ ಅಂತ ಬಿಟ್ಟುಬಿಡ್ತಾರೆ. ಬರೀ ಮೈನಸ್ ಪ್ಲಸ್ ಪವರ್ ಇದ್ರೆ ಕನ್ನಡಕ ತೆಗೆದಿಟ್ಟು ಫೋಕಸ್ ತಿರುಗಿಸಿಕೊಂಡ್ರೆ ಆಯ್ತು. ಸಿಲಿಂಡರ್ ಪವರ್ ಇದ್ರೆ ಮಾತ್ರ ಟೆಲಿಸ್ಕೋಪ್ ಸರಿಮಾಡಲ್ಲ, ಆದ್ರೂ ಗ್ರಹಕ್ಕೆ ಚಿಕ್ಕ ಐಪೀಸ್ ಹಾಕಿದಾಗ ಕಣ್ಣಿಗೆ ಬರೋ ಬೆಳಕಿನ ಕಿರಣ ಸುಮಾರು ಒಂದು ಮಿಲಿಮೀಟರ್ ಅಗಲ ಅಷ್ಟೇ ಇರುತ್ತೆ, ಹಾಗಾಗಿ ಆ ದೋಷ ಅಷ್ಟಾಗಿ ಗೊತ್ತಾಗಲ್ಲ. ಕನ್ನಡಕ ಇಟ್ಕೊಂಡೇ ನೋಡ್ತೀನಿ ಅನ್ನೋರು 15-20 ಮಿಲಿಮೀಟರ್ ಕಣ್ಣಿನ ಅಂತರ ಕೊಡೋ ಐಪೀಸ್ ಅಂತ ಕೇಳಿ ತಗೋಬೇಕು, ಸ್ವಲ್ಪ ದುಬಾರಿ.

ಇಷ್ಟೆಲ್ಲಾ ಮಾಡಿದ್ರೂ ಎಷ್ಟೋ ರಾತ್ರಿ ಚಿತ್ರ ಕುದೀತಾ ಇರುತ್ತೆ. ಅದು ಐಪೀಸಿನ ತಪ್ಪಲ್ಲ, ಗಾಳಿದು. ಹಗಲೆಲ್ಲಾ ಬಿಸಿಲು ಕುಡಿದ ಆರ್‌ಸಿಸಿ ತಾರಸಿ ಸಂಜೆ ಏಳಕ್ಕೆ ಬಿಸಿ ಬಿಡ್ತಾ ಇರುತ್ತೆ, ಅದರ ಮೇಲೆ ಟೆಲಿಸ್ಕೋಪ್ ಇಟ್ರೆ ಗುರುವಿನ ಅಂಚು ನಡುಗುತ್ತೆ. ಹುಲ್ಲಿರೋ ಅಂಗಳ ಸಿಕ್ರೆ ಅಲ್ಲಿಡಿ, ಇಲ್ಲಾಂದ್ರೆ ರಾತ್ರಿ ಹತ್ತು ದಾಟಲಿ, ಟೆಲಿಸ್ಕೋಪನ್ನ ಅರ್ಧ ಮುಕ್ಕಾಲು ಗಂಟೆ ಮೊದಲೇ ಹೊರಗಿಟ್ಟು ತಣ್ಣಗಾಗೋಕೆ ಬಿಡಿ. ನಮಗೊಂದು ಅನುಕೂಲ ಇದೆ, ಅದನ್ನ ನಾವು ಲೆಕ್ಕಕ್ಕೇ ತಗೊಳ್ಳಲ್ಲ. ಗುರು ಶನಿ ಎರಡೂ ಧನು ರಾಶಿ ಕಡೆ ಇದ್ದ 2019-20ರ ಹೊತ್ತಿಗೆ ಲಂಡನ್‌ನವರಿಗೆ ಅವು ದಿಗಂತದಿಂದ 16-17 ಡಿಗ್ರಿ ಮೇಲೆ ಬಂದ್ರೆ ದೊಡ್ಡದು, ಮನೆಗಳ ಚಿಮಣಿ ಸಂದಿಯಲ್ಲಿ ನೋಡಬೇಕು, ಅದೇ ಗ್ರಹ ನಮ್ಮ ತುಮಕೂರು ಬೆಂಗಳೂರು ಕಡೆ 55 ಡಿಗ್ರಿ ಎತ್ತರ. 2026ರ ಜನವರಿಯಲ್ಲಿ ಗುರು ಮಿಥುನದಲ್ಲಿದ್ದಾಗಂತೂ ಹೆಚ್ಚು ಕಡಿಮೆ ನೆತ್ತಿ ಮೇಲೆ. ಎತ್ತರ ಹೋದಷ್ಟೂ ನಡುವೆ ಗಾಳಿಯ ಪದರ ಕಡಿಮೆ. ಬೆಂಗಳೂರಿನ ಬೀದಿದೀಪದ ಬೆಳಕು ನೆಬ್ಯುಲಾ ಅನ್ನೋ ಮಸುಕು ಅನಿಲದ ಮೋಡಗಳನ್ನ ನುಂಗಿಹಾಕುತ್ತೆ ಸರಿ, ಆದ್ರೆ ಗ್ರಹಕ್ಕೆ ಅದು ಅಡ್ಡಿಯೇ ಅಲ್ಲ, ಅಪಾರ್ಟ್‌ಮೆಂಟಲ್ಲಿ ಇರೋರೂ ನೋಡಬಹುದು.

ಹಾಗೆ ಕಣ್ಣಿಟ್ಟು ಐದು ಹತ್ತು ನಿಮಿಷ ಕಾಯಬೇಕು, ತೆಗೀಬಾರದು. ಕುದಿಯೋ ಚಿತ್ರ ಮಧ್ಯೆ ಒಂದು ಎರಡು ಸೆಕೆಂಡ್ ತಟ್ಟಂತ ನಿಲ್ಲುತ್ತೆ, ಆಗ ಗುರುವಿನ ಪಟ್ಟಿಯ ಅಂಚಲ್ಲಿ ಒಂದು ಕಚ್ಚು, ಕೆಂಪು ಚುಕ್ಕೆಯ ಗುಂಡಿ, ಶನಿ ಬಳೆ ನಡುವಿನ ಕ್ಯಾಸಿನಿ ಅನ್ನೋ ಕಪ್ಪು ಸಂದು ಕಂಡು ಮತ್ತೆ ಮುಚ್ಚಿಕೊಳ್ಳುತ್ತೆ. ಶನಿಯ ಬಳೆ ಗೆರೆ ಥರ ಸಣ್ಣ ಕಾಣ್ತಿದೆ, ಐಪೀಸ್ ಸರಿಯಿಲ್ಲ ಅಂತ ಅಂಗಡಿಗೆ ವಾಪಸ್ ತಗೊಂಡು ಹೋದವರನ್ನೂ ಬಲ್ಲೆ. 2025ರ ಮಾರ್ಚಲ್ಲಿ ಬಳೆ ನಮಗೆ ಅಂಚಿನ ಕಡೆಯಿಂದ ಇತ್ತು, ಆಗ ಯಾವ ಐಪೀಸ್ ಹಾಕಿದ್ರೂ ಅಷ್ಟೇ, ಅಲ್ಲಿಂದ ಮುಂದೆ ವರ್ಷ ವರ್ಷ ನಿಧಾನಕ್ಕೆ ತೆರೆದುಕೊಳ್ಳುತ್ತೆ.

ಕೊನೆಗೆ ಒಂದು ವಿಷಯ, ಲೇಖನದಲ್ಲಿ ಬಿಟ್ಟುಹೋಗಿದ್ದು ನನಗೆ ನಿಜಕ್ಕೂ ಬೇಜಾರಾಯ್ತು. ಕೆಲವು ಅಗ್ಗದ ಸೆಟ್‌ಗಳಲ್ಲಿ ಐಪೀಸಿನ ತಳಕ್ಕೆ ತಿರುಗಿಸಿ ಹಾಕೋ ಕಪ್ಪು ಗಾಜಿನ ಪುಟ್ಟ ಸನ್ ಫಿಲ್ಟರ್ ಬರುತ್ತೆ. ಟೆಲಿಸ್ಕೋಪ್ ಸೂರ್ಯನ ಬೆಳಕನ್ನೆಲ್ಲಾ ಒಟ್ಟುಗೂಡಿಸಿ ತಂದು ಹಾಕೋದು ಸರಿಯಾಗಿ ಆ ಜಾಗಕ್ಕೇ, ಬಿಸಿಗೆ ಗಾಜು ಬಿರುಕು ಬಿಟ್ರೆ ಮುಂದಿನ ಕ್ಷಣ ಆ ಬೆಳಕು ಕಣ್ಣಿನೊಳಗೆ, ರೆಟಿನಾಗೆ ನೋವೂ ಗೊತ್ತಾಗಲ್ಲ. ಸೂರ್ಯನ ಫಿಲ್ಟರ್ ಏನಿದ್ರೂ ಟೆಲಿಸ್ಕೋಪಿನ ಮುಂದಿನ ಬಾಯಿಗೆ ಹಾಕ್ಬೇಕು, ಬೆಳಕು ಒಳಗೆ ಬರೋ ಮುಂಚೆಯೇ. ಶಾಲೆಗಳಲ್ಲಿ ಇಂಥ ಡಬ್ಬ ಇರೋ ಮೇಷ್ಟ್ರುಗಳು ಇವತ್ತೇ ತೆಗೆದು ಆ ಫಿಲ್ಟರನ್ನ ಸುತ್ತಿಗೆಯಿಂದ ಒಡೆದು ಕಸಕ್ಕೆ ಹಾಕಲಿ, ಬರೀ ಎಸೆದ್ರೆ ಯಾರಾದ್ರೂ ಹುಡುಗ ಎತ್ತಿಕೊಂಡು ಬಂದುಬಿಡ್ತಾನೆ. ಮುಂದಿನ ಸಲ ಟೆಲಿಸ್ಕೋಪ್ ಬಗ್ಗೆ ಬರೆಸುವಾಗ ಎಕ್ಸ್ ಲೆಕ್ಕಕ್ಕೆ ಕೊಟ್ಟ ಜಾಗದಲ್ಲಿ ಈ ನಾಲ್ಕು ಸಾಲು ಹಾಕಿಸಿ ಸಾರ್.

ಇಂತಿ,
ನಿಮ್ಮ ಓದುಗ,
ತುಮಕೂರು